ಬಿಂದಿಗೆಯ ಮಣಿ, ಚೀಲದ ಮಣಿ

ಸೌಮ್ಯ ಬಂದಾಗ ಮುನಿಶಾಮಯ್ಯನವರು ಜಗುಲಿಯ ಮೇಲೆ ಕೂತು ತಮ್ಮ ಹಳೆಯ ಹಿತ್ತಾಳೆ ತಕ್ಕಡಿಗೆ ಹುಣಸೆಹಣ್ಣು ಉಜ್ಜುತ್ತಿದ್ದರು. ತೂಕ ಮತ್ತು ಅಳತೆ ಇಲಾಖೆಯಿಂದ ಅವರು ನಿವೃತ್ತರಾಗಿ ಹನ್ನೊಂದು ವರ್ಷವಾಗಿತ್ತು. ಚನ್ನಪಟ್ಟಣದಲ್ಲಿ ಯಾರಿಗೆ ಏನು ತೊಡಕಾದರೂ ಜನ ಈಗಲೂ ಮೊದಲು ಹತ್ತುತ್ತಿದ್ದುದು ಆ ಜಗುಲಿಯನ್ನೇ. ಇಪ್ಪತ್ತೆರಡು ವರ್ಷ ಪತ್ರಿಕೆಯೊಂದರ ತಾಲ್ಲೂಕು ವರದಿಗಾರನಾಗಿದ್ದ ನಾನು ಬೆಳಗಿನ ಕಾಫಿಗೆ ಅಲ್ಲೇ ಇರುತ್ತಿದ್ದೆ.

"ಅಯ್ಯಾ, ನಮ್ಮ ಕಂಪನಿ ಮಹಾಸಭೇಲಿ ಯಾರೋ ಓಟು ಕದ್ದವ್ರೆ," ಅಂದಳು ಸೌಮ್ಯ. ಆಟಿಕೆ ತಯಾರಕರ ಕಂಪನಿಯ ಕಾರ್ಯದರ್ಶಿ ಅವಳು.

ಆ ಕಂಪನಿಯ ಮೊದಲ ಸಭೆ ನಾನು ಕಂಡದ್ದೇ. ೨೦೦೬ರಲ್ಲಿ ಬಸವಯ್ಯ ಮೇಷ್ಟ್ರು ನಲವತ್ತೊಂದು ಕುಶಲಕರ್ಮಿಗಳನ್ನು ಚಾಪೆಯ ಮೇಲೆ ಕೂರಿಸಿ, ಒಬ್ಬರಿಗೆ ಒಂದು ಷೇರು, ಒಂದು ಓಟು ಎಂದು ಕಂಪನಿ ಕಟ್ಟಿದರು. ಏಳನೇ ಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬರೆದಿದ್ದೆ. ಓಟಿಗೆ ಕಾಗದ ಬೇಡ, ನಮ್ಮದೇ ಮಣಿ ಇರಲಿ ಎಂದು ಮೇಷ್ಟ್ರು ಹಿಂದಿನ ದಿನ ಒಂದೇ ಕೂತಿನಲ್ಲಿ ನಲವತ್ತೊಂದು ಹಳದಿ, ನಲವತ್ತೊಂದು ಕೆಂಪು ಮಣಿ ಕಡೆದಿದ್ದರು. ಬಿಸಿ ಅರಗಿನ ವಾಸನೆ ಆ ಚಾಪೆಗೂ ಹತ್ತಿತ್ತು. ಮೇಷ್ಟ್ರು ತೀರಿಕೊಂಡರು, ಮಣಿಗಳು ಉಳಿದವು.

"ಕ್ರಮವಾಗಿ ಹೇಳಮ್ಮ," ಎಂದರು ಮುನಿಶಾಮಯ್ಯ.

ಮಣಿ ಪೋಣಿಸುವ, ಆಟಿಕೆ ಜೋಡಿಸುವ ಹದಿನೆಂಟು ಹೆಂಗಸರಿಗೂ ಷೇರು ಕೊಟ್ಟು ಸದಸ್ಯರನ್ನಾಗಿ ಮಾಡಬೇಕೆಂಬ ಠರಾವು ಭಾನುವಾರ ಸಭೆಗೆ ಬಂದಿತ್ತು. ಅವರ ಕೆಲಸದ ಬಗ್ಗೆ ತೀರ್ಮಾನವಾಗುವ ಕೋಣೆಯಲ್ಲಿ ಅವರಿಗೆ ಇದುವರೆಗೆ ಜಾಗವಿರಲಿಲ್ಲ. ಸೌಮ್ಯ ಮನೆಮನೆಗೆ ಹೋಗಿ ಕೇಳಿದ್ದಳು. ಇಪ್ಪತ್ತೈದಕ್ಕೂ ಹೆಚ್ಚು ಮಂದಿ ಹೂಂ ಅಂದಿದ್ದರು. ಪ್ರತಿಯೊಬ್ಬರಿಗೂ ಒಂದು ಹಳದಿ, ಒಂದು ಕೆಂಪು ಮಣಿ ಸಿಗುತ್ತದೆ; ಒಪ್ಪುವವರು ಹಳದಿ ಮಣಿಯನ್ನು, ಒಪ್ಪದವರು ಕೆಂಪು ಮಣಿಯನ್ನು ಬಿಂದಿಗೆಗೆ ಹಾಕಿ, ಉಳಿದದ್ದನ್ನು ಚೀಲಕ್ಕೆ ಮರಳಿಸಬೇಕು. ನಲವತ್ತೊಂದೂ ಜನ ಬಂದಿದ್ದರು. ಅಧ್ಯಕ್ಷ ಅಶ್ವಥ್ ಚೀಲವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಎಂದಿನಂತೆ ಎಲ್ಲರಿಗಿಂತ ಹಿರಿಯ ಸದಸ್ಯರೊಬ್ಬರೇ ಬಿಂದಿಗೆಯ ಬಳಿ ಉಳಿದರು, ಮಿಕ್ಕವರು ಊಟಕ್ಕೆ ಹೋದರು. ಊಟವಾದ ಮೇಲೆ ಮಂಡಳಿಯ ನಿರ್ದೇಶಕ ನಜೀರ್ ಎಣಿಸಿದಾಗ ಹಳದಿ ಹದಿನೇಳು, ಕೆಂಪು ಇಪ್ಪತ್ತನಾಲ್ಕು.

"ಠರಾವು ಬಿದ್ದೋಯ್ತು. ನಜೀರಣ್ಣ ಸಭೇಲೇ ಬ್ಯಾಡ ಅಂದಿದ್ರು. ಎಣಿಸ್ದೋರೂ ಅವ್ರೇ. ಅದುಕ್ಕೆ ಎಲ್ಲ ಅವ್ರ ಕಡೆ ಬೆಟ್ಟು ತೋರಿಸ್ತಾವ್ರೆ. ನಾಳೆ ಮಂಡಳಿ ನಡಾವಳಿಗೆ ಸಹಿ ಹಾಕುದ್ರೆ ಆ ಹೆಂಗಸ್ರ ಕತೆ ಮುಗೀತು."

"ಚೀಲ ಎಣಿಸಿದ್ರಾ?"

"ಚೀಲ ಯಾಕಯ್ಯಾ? ಹದಿನೆಂಟು ವರ್ಷದಿಂದ ಯಾರೂ ಎಣಿಸಿಲ್ಲ."

ಮುನಿಶಾಮಯ್ಯ ತಕ್ಕಡಿ ಒರೆಸಿ ಎದ್ದರು.

ಮೊದಲು ನಜೀರನ ಕಾರ್ಖಾನೆಗೆ ಹೋದೆವು. ಮರ ಕಡೆಯುವ ಮೋಟಾರಿನ ಚರಕಿ ಗುಂಯ್ಗುಡುತ್ತಿತ್ತು. ಒಂದು ಕಾಲಕ್ಕೆ ಈ ಬೀದಿಯಲ್ಲಿ ಕೈಚರಕಿಯ ಕಿರ್ರೆನ್ನುವ ಸದ್ದು ಕೇಳಿಯೇ ಯಾರ ಮನೆ ಎಂದು ಹೇಳಬಹುದಿತ್ತು.

"ಬನ್ನಿ, ಕಳ್ಳನ್ ಮನೇಗೆ ಬನ್ನಿ," ಎಂದ ನಜೀರ್. "ನಾನು ಆವತ್ತೂ ಬ್ಯಾಡ ಅಂದೆ, ಇವತ್ತೂ ಬ್ಯಾಡ ಅಂತೀನಿ. ಲಾಭ ಹಂಚ್ಕಳೋ ಜನ ಜಾಸ್ತಿ ಆಯ್ತಾರೆ, ಅಷ್ಟೇ. ಬಾಯಲ್ಲಿ ಹೇಳೋನು ಕೈಯಲ್ಲಿ ಯಾಕೆ ಕದೀಲಿ, ಸಾಮಿ?"

"ಓಟಿನ ಮಣಿಗೆ ತೂತು ಯಾಕಿದೆ?" ಎಂದರು ಮುನಿಶಾಮಯ್ಯ.

"ಲೆಕ್ಕದ ಮಣಿಚೌಕಟ್ಟಿಗೆ ಅಂತ ಕೊರೆದಿದ್ದ ಮರ ಉಳಿದಿತ್ತು. ಮೇಷ್ಟ್ರು ಅದ್ರಲ್ಲೇ ಕಡೆದ್ರು. ಪೋಣಿಸೋ ಮಣಿ ಅಲ್ವಲ್ಲ ಅಂತ ತೂತಿನ ಅಂಚು ನುಣ್ಣಗೆ ಮಾಡೋ ತಂಟೆಗೇ ಹೋಗ್ಲಿಲ್ಲ."

ಅಲ್ಲಿಂದ ಪೋಣಿಸುವ ಕೊಟ್ಟಿಗೆಗೆ. ಹದಿನೆಂಟು ಹೆಂಗಸರಲ್ಲಿ ಹಿರಿಯಳು ಮಾಯಮ್ಮ. ಮಂಡಳಿಯ ನಿರ್ದೇಶಕ ದಾಸಪ್ಪನ ಹೆಂಡತಿ. ದಾಸಪ್ಪ ಬಸವಯ್ಯ ಮೇಷ್ಟ್ರ ಮೊದಲ ಶಿಷ್ಯ, ಬದುಕಿರುವವರಲ್ಲಿ ಅವನೇ ಹಿರಿಯ. ಮಾಯಮ್ಮನ ಬೆರಳುಗಳು ನಮ್ಮೊಡನೆ ಮಾತಾಡುವಾಗಲೂ ನಿಲ್ಲಲಿಲ್ಲ.

"ಮೂವತ್ತೈದು ವರ್ಷ ಆಯ್ತು ಕಣಪ್ಪ. ಯಾವ ಮಣಿ ಯಾರದು ಅಂತ ಕಣ್ಣು ಮುಚ್ಕಂಡು ಹೇಳ್ತೀನಿ. ಬೇರೇರ ಮಣೀಲಿ ದಾರ ಒಸಿ ಸಿಕ್ಕಾಕ್ಕತದೆ. ನಮ್ಮನೆಯೋರ ಮಣೀಲಿ ಎಣ್ಣೇಲಿ ಜಾರ್ದಂಗೆ ಹೋಯ್ತದೆ. ಮದ್ವೆಯಾದ ವರ್ಷ ದಾರ ಕಿತ್ತೋಗಿ ಬೈದುಬುಟ್ಟಿದ್ದೆ. ಆವತ್ತಿಂದ ತೂತಿನ ಅಂಚು ಉಜ್ಜದೆ ಒಂದು ಮಣೀನೂ ಕೆಳಗಿಟ್ಟಿಲ್ಲ."

ಪಕ್ಕದವಳು ನಕ್ಕಳು. "ಅಕ್ಕ, ನಮ್ ಗಂಡಂಗೂ ಒಸಿ ಬೈಯ್ಯಿ ಹಂಗೇ!"

ಮುನಿಶಾಮಯ್ಯ ನಗಲಿಲ್ಲ. ಒಂದು ಮೊಳ ದಾರ ಕೇಳಿ ಇಸಕೊಂಡರು.

ಬುಧವಾರ ಮಂಡಳಿ ಸೇರಿತು. ಮುನಿಶಾಮಯ್ಯ ಕೇಳಿಕೊಂಡಂತೆ ಮಾಯಮ್ಮನನ್ನೂ ಕರೆಸಿದ್ದರು. ಅವಳು ಬಾಗಿಲ ಬಳಿ ನಿಂತಳು. ಅಶ್ವಥ್ ಬೀಗ ತೆಗೆದು ಚೀಲವನ್ನು ಮೇಜಿನ ಮೇಲೆ ಸುರಿದ. ನಾನು ಎಣಿಸಿದೆ.

"ಹಳದಿ ಹದಿನೈದು, ಕೆಂಪು ಇಪ್ಪತ್ತಾರು."

"ಬಿಂದಿಗೆಯದನ್ನೂ ಸೇರಿಸಿ," ಎಂದರು ಮುನಿಶಾಮಯ್ಯ. "ಒಟ್ಟು ಹಳದಿ ಮೂವತ್ತೆರಡು, ಕೆಂಪು ಐವತ್ತು. ಮೇಷ್ಟ್ರು ಕಡೆದದ್ದು ತಲಾ ನಲವತ್ತೊಂದು. ಅಂದರೆ ಒಂಬತ್ತು ಹಳದಿ ಮಾಯವಾಗಿ ಒಂಬತ್ತು ಕೆಂಪು ಹುಟ್ಟಿವೆ. ಬಿಂದಿಗೆಗೆ ಹಳದಿ ಹಾಕಿದವನು ಚೀಲಕ್ಕೆ ಕೆಂಪನ್ನು ಮರಳಿಸುತ್ತಾನೆ. ಚೀಲದಲ್ಲಿ ಇಪ್ಪತ್ತಾರು ಕೆಂಪಿದ್ದರೆ, ಒಪ್ಪಿದವರು ಇಪ್ಪತ್ತಾರು ಜನ. ಠರಾವು ಗೆದ್ದಿತ್ತು."

ಕೋಣೆ ಗದ್ದಲವಾಯಿತು. ನಜೀರ್ ಮೇಜು ಕುಟ್ಟಿದ. "ನಾನು ಎಲ್ಲರ ಕಣ್ಮುಂದೆ ಎಣಿಸ್ದೆ!"

"ನಿಜ. ಬದಲಾದದ್ದು ಅದಕ್ಕೂ ಮೊದಲು, ಊಟದ ಹೊತ್ತಿನಲ್ಲಿ. ಬದಲಾಯಿಸಿದವನ ಕೈಗೆ ಚೀಲ ಸಿಗುವಂತಿರಲಿಲ್ಲ. ಅದಕ್ಕೇ ಮನೆಯಲ್ಲಿ ಹೊಸ ಕೆಂಪು ಮಣಿ ಕಡೆದು, ಬೂದಿಯನ್ನೋ ಏನನ್ನೋ ಉಜ್ಜಿ, ಹಳೆಯದರಂತೆ ಹೊಳಪು ಕುಂದಿಸಿ ತಂದ. ಕಣ್ಣಿಗೆ ಗೊತ್ತಾಗುವುದಿಲ್ಲ." ಬಿಂದಿಗೆಯಿಂದ ಬಂದ ಕೆಂಪು ಮಣಿಗಳನ್ನು ಬಾಗಿಲ ಕಡೆ ಸರಿಸಿ ದಾರವನ್ನು ಚಾಚಿದರು. "ಮಾಯಮ್ಮ, ಇವನ್ನು ಒಂದೊಂದಾಗಿ ಪೋಣಿಸಿ ನೋಡಮ್ಮ."

ಮಾಯಮ್ಮ ಕೂತಳು. ಮೊದಲನೆಯದರಲ್ಲಿ ದಾರದ ಎಳೆ ಸಿಕ್ಕಿಕೊಂಡಿತು. ಎರಡನೆಯದರಲ್ಲೂ ಅಷ್ಟೇ. ಮೂರನೆಯದರಲ್ಲಿ ದಾರ ಸರಕ್ಕನೆ ಜಾರಿತು. ಅವಳ ಕೈ ನಿಂತಿತು. ಮತ್ತೆ ಪೋಣಿಸಿದಳು. ಇಪ್ಪತ್ತನಾಲ್ಕೂ ಮುಗಿದಾಗ ದಾರ ಜಾರಿದ ಒಂಬತ್ತು ಮಣಿ ಬೇರೆಯಾಗಿ ಕೂತಿದ್ದವು. ಅವಳು ಗಂಡನನ್ನು ನೋಡಿದಳು.

"ಬಿಂದಿಗೆಯ ಬಳಿ ಒಬ್ಬನೇ ಉಳಿದವನು ಹಿರಿಯ," ಎಂದರು ಮುನಿಶಾಮಯ್ಯ ಮೆಲ್ಲಗೆ. "ಕಳ್ಳ ಮಣಿಗೂ ತೂತಿನ ಅಂಚು ಉಜ್ಜುವವನು ಈ ಊರಿನಲ್ಲಿ ಒಬ್ಬನೇ."

ದಾಸಪ್ಪ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿದ. ಒಂಬತ್ತು ಹಳದಿ ಮಣಿ ಮೇಜಿನ ಮೇಲೆ ಉರುಳಿದವು.

"ಮೇಷ್ಟ್ರು ಕಡೆದಿದ್ದು. ಒಲೇಗೆ ಹಾಕಕ್ಕೆ ಮನಸು ಬರ್ಲಿಲ್ಲ," ಎಂದ. "ಅವ್ರು ನಲವತ್ತೊಂದು ಜನಾನ ಚಾಪೆ ಮೇಲೆ ಕೂರ್ಸಿದ್ರು. ಈಗ ಅರ್ಧ ಜನ ಮೇಷ್ಟ್ರನ್ನ ಕಂಡೋರೇ ಅಲ್ಲ, ಆವತ್ತು ಕೂತೋರ ಮಕ್ಳು. ಆ ಚಾಪೆ ಒಂದಾದ್ರೂ ಹಂಗೇ ಇರ್ಲಿ ಅಂತ ಮಾಡ್ಬುಟ್ಟೆ. ದುಡ್ಡಿಗಲ್ಲ."

"ಚಾಪೆ ಹಾಸಿದ್ದು ಯಾರು?" ಎಂದಳು ಮಾಯಮ್ಮ.

ಉತ್ತರವನ್ನೂ ಅವಳೇ ಕೊಟ್ಟಳು.

"ನಾನು. ಹಾಸ್ಬುಟ್ಟು ಆಚೆ ಹೋಗಿ ನಿಂತ್ಕಂಡೆ. ಹದಿನೆಂಟು ವರ್ಷ ಆಯ್ತು."

ನಾನು ಬರೆದ ನಾಲ್ಕು ಸಾಲಿನಲ್ಲಿ ಚಾಪೆಯಿತ್ತು, ಹಾಸಿದವಳಿರಲಿಲ್ಲ.

ದಾಸಪ್ಪ ಅಂದೇ ಮಂಡಳಿ ಬಿಟ್ಟ. ಹದಿನೈದು ದಿನದ ಮೇಲೆ ಸಭೆ ಮತ್ತೆ ಸೇರಿ, ಕೈ ಎತ್ತಿ ಮತ ಹಾಕಿತು. ಪರ ಮೂವತ್ತೊಂದು, ವಿರೋಧ ಹತ್ತು. ನಜೀರ್ ಎಲ್ಲರಿಗೂ ಕಾಣುವಂತೆ ವಿರೋಧಕ್ಕೇ ಕೈ ಎತ್ತಿ, ಸಭೆ ಮುಗಿದ ಮೇಲೆ ಹದಿನೆಂಟೂ ಹೆಂಗಸರಿಗೆ ಮೈಸೂರುಪಾಕು ಹಂಚಿದ.

ಈ ವರ್ಷದ ಮಹಾಸಭೆಗೆ ನಾನೂ ಮುನಿಶಾಮಯ್ಯನವರೂ ಹೋಗಿದ್ದೆವು. ಕಡಿಮೆ ಬಿದ್ದ ಹದಿನೆಂಟು ಜೊತೆ ಮಣಿಗಳನ್ನು ದಾಸಪ್ಪನೇ ಕಡೆದುಕೊಟ್ಟಿದ್ದ. ಐವತ್ತೊಂಬತ್ತನೆಯವಳಾಗಿ ಮಾಯಮ್ಮ ಮಣಿ ಹಾಕಿದಳು. ಉಳಿದದ್ದನ್ನು ಚೀಲಕ್ಕೆ ಇಳಿಬಿಟ್ಟು ಅಶ್ವಥ್‌ನತ್ತ ತಿರುಗಿದಳು.

"ಊಟಕ್ಕೆ ಮುಂಚೇನೇ ಎರಡನ್ನೂ ಎಣಿಸ್ಬುಡಪ್ಪ. ಬಿಂದಿಗೆ ಕಾಯೋ ಕೆಲಸ ಇನ್ನಿಲ್ಲ. ನಮ್ಮನೆಯೋರು ಊಟಕ್ಕೆ ನನ್ನ ಜತೇಲೇ ಬತ್ತಾರೆ."