ಪಕ್ಕದ ಸೀಟಿಗೆ ಅರ್ಹ

"ಕೈ ಚಾಚಿ."

ತಲೆಯೆತ್ತದೆಯೇ ಹೇಳಿದ ಜೆಮ್ಮಾ, ಮೇಜಿನ ಮೇಲೆ ಬಂದ ಕೈಯ ನಾಡಿ ಹಿಡಿದಳು. ಅದು ಓಡುತ್ತಿದ್ದ ಪರಿಗೆ ಬೆರಗಾಗಿ ಮುಖ ನೋಡಿದಳು... ಮರುಕ್ಷಣ ಅವಳದೇ ನಾಡಿ ನಿಂತಂತಾಯಿತು.

ವಾಲ್ಟರ್!

ಎರಡು ವರ್ಷಗಳ ಹಿಂದೆ, ಉಡುಪಿ ಸಮೀಪದ ಚರ್ಚಿನಲ್ಲಿ ಮೂರು ಭಾನುವಾರ ಇವರಿಬ್ಬರ ಮದುವೆಯ ಪ್ರಕಟಣೆ ಓದಲಾಗಿತ್ತು. ಮದುಮಗ ಮಾತ್ರ ಸೌದಿಯಿಂದ ಬರಲೇ ಇಲ್ಲ. ಬರಲಾರೆನೆಂಬ ಒಂದು ಸಾಲೂ ಬರಲಿಲ್ಲ.

ಊರಿನವರ ಕನಿಕರ ಸಹಿಸಲಾರದೆ ಅವಳು ರಿಯಾದಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಹಿಡಿದಿದ್ದಳು. ಅವನಿರುವುದು ದಮ್ಮಾಮಿನಲ್ಲಿ, ಅಷ್ಟು ದೂರ ಸಾಕು ಎಂದುಕೊಂಡಿದ್ದಳು. ಅವನಿಗೆ ವೀಸಾ ಕೊಟ್ಟ ಅರಬ್ ಮಾಲೀಕರು, ಅವನ ಕಫೀಲ್, ಗ್ಯಾರೇಜನ್ನು ರಿಯಾದಿಗೆ ಹತ್ತಿರದ ಅಲ್ ಖರ್ಜ್‌ಗೆ ಸ್ಥಳಾಂತರಿಸಿದ್ದು ಅವಳಿಗೆ ಹೇಗೆ ತಿಳಿಯಬೇಕು?

ಅದು ೧೯೮೬ರ ಫೆಬ್ರವರಿ. ಅಲ್ ಖರ್ಜ್‌ನಾಚೆಯ ಮರಳಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಬೈಕು, ಕಾರು, ತೆರೆದ ಮೋಟಾರು ಬಗ್ಗಿಗಳ ಓಟದ ದಿನ. ಅವಳ ಆಸ್ಪತ್ರೆ ಅಲ್ಲಿ ಹಾಕಿದ್ದ ಡೇರೆಯಲ್ಲಿ ನರ್ಸ್ ಪರೀಕ್ಷಿಸಿ ಬರೆದ ಚೀಟಿಗೆ ಡಾಕ್ಟರರ ಸಹಿ ಬಿದ್ದವರಿಗಷ್ಟೇ ಪ್ರವೇಶ.

ಅವನ ಮಣಿಕಟ್ಟು ಊದಿತ್ತು. ಒತ್ತಿದಾಗ ಹಲ್ಲು ಕಚ್ಚಿದ.

"ಜಾಕ್ ಜಾರಿ ಬಿತ್ತು. ಅರ್ಹನೆಂದು ಬರೆದುಕೊಡಿ ಜೆಮ್ಮಾ. ಈ ಓಟ ನಾನು ಮುಗಿಸಲೇಬೇಕು."

ಎರಡು ವರ್ಷ ಮೌನವಾಗಿದ್ದವನಿಗೆ ಕೇಳುವಾಗ ಮಾತ್ರ ಬಾಯಿ ಬಂತೇ... ಅವಳು ಬರೆದಳು: 'ಮೂಳೆ ಬಿರುಕು. ವಾಹನ ಚಲಾಯಿಸಲು ಅನರ್ಹ.'

ಅವನು ವಾದಿಸಲಿಲ್ಲ. "ನನ್ನ ಕಾಗದಗಳನ್ನೇ ಒಡೆಯದೆ ಹಿಂದಿರುಗಿಸಿದವರಿಗೆ ಇದೇನು ದೊಡ್ಡದು" ಎಂದು ಹೊರನಡೆದ.

ಯಾವ ಕಾಗದ?

ಉತ್ತರ ಹೊತ್ತು ಬಂದವನು ಹಸನ್ ಕುಂಞಿ, ಅದೇ ಗ್ಯಾರೇಜಿನ ನೀರಿನ ಟ್ಯಾಂಕರ್ ಚಾಲಕ. ಮದುವೆಯ ವಾರ ಕಫೀಲ್ ರಜೆಯ ಕಾಗದಕ್ಕೆ ಸಹಿ ಹಾಕಿರಲಿಲ್ಲ. ಪಾಸ್‌ಪೋರ್ಟು ಅವರ ಕಪಾಟಿನಲ್ಲೇ ಇತ್ತು. ಅಂಚೆ ತಲುಪಲು ವಾರಗಳೇ ಬೇಕು. ಹಾಗಾಗಿ ಎಲ್ಲರೂ ಮಾಡುವಂತೆ ವಾಲ್ಟರ್, ಊರಿಗೆ ಹೊರಟವನ ಚೀಲದಲ್ಲಿ ಪತ್ರ ಇಟ್ಟಿದ್ದ.

"ಆ ಚೀಲ ನನ್ನದು ಸಿಸ್ಟರ್. ಬೊಂಬಾಯಿಯಲ್ಲಿ ಕಳವಾಯ್ತು. ಹೇಳಲು ಮುಖವಿರಲಿಲ್ಲ... ಅವನಿಗೆ ಇಂದಿಗೂ ಹೇಳಿಲ್ಲ."

ಆಮೇಲೆ ವಾಲ್ಟರ್ ಅಂಚೆಯಲ್ಲಿ ಬರೆದ ನಾಲ್ಕು ಪತ್ರಗಳೂ ಹಿಂದಿರುಗಿದ್ದವು. ಜೆಮ್ಮಾಳಿಗೆ ಅಪ್ಪನ ಬಿಗಿದ ಮುಖ ನೆನಪಾಯಿತು. ಅವಳಿಗೆ ಕಾಣದಂತೆ ಹಿಂದಿರುಗಿಸಿದವರು ಅವರೇ!

ಹಸನ್ ಕುಂಞಿ ಇನ್ನೊಂದು ವಿಷಯ ಹೇಳಿದ. ಕಳೆದ ಮೂರು ವರ್ಷವೂ ಕಫೀಲರ ಬಗ್ಗಿ ಮರಳಿನಲ್ಲೇ ಹೂತುಹೋಗಿತ್ತು. ಈ ಬಾರಿ ಅದು ಕೊನೆಯ ಗೆರೆ ದಾಟಿದರೆ ವಾಲ್ಟರನ ರಜೆಗೆ ಸಹಿ ಎಂದು ಮಾತು ಕೊಟ್ಟಿದ್ದರು.

ಚೀಟಿಯಲ್ಲಿ 'ಅನರ್ಹ' ಎಂಬುದನ್ನು 'ಅರ್ಹ' ಎಂದು ತಿದ್ದಿದರೆ ಸಾಕಿತ್ತು. ಜೆಮ್ಮಾಳ ಪೆನ್ನು ಕಾಗದದ ಮೇಲೆ ನಿಂತಿತು... ಇನ್ನೂರು ಕಿಲೋಮೀಟರ್ ಸ್ಟೇರಿಂಗ್ ಹಿಡಿದರೆ ಆ ಕೈ ಮತ್ತೆ ಸ್ಪ್ಯಾನರ್ ಹಿಡಿಯಲಾರದು. ಇಲ್ಲ, ಅವನನ್ನು ಮುರಿದು ಪಡೆಯುವುದು ಅವಳಿಗೆ ಬೇಕಿರಲಿಲ್ಲ.

"ಬಗ್ಗಿ ಗೆರೆ ದಾಟಬೇಕು ಎಂದರೋ, ವಾಲ್ಟರೇ ಓಡಿಸಬೇಕು ಎಂದರೋ?"

"ದಾಟಬೇಕು ಎಂದರು."

"ಹಾಗಾದರೆ ನೀವು ಓಡಿಸಿ."

"ನಾನೆಂತ ಓಡಿಸುವುದು ಸಿಸ್ಟರ್? ಬಾಗಿಲೂ ಇಲ್ಲದ ಆ ಜಿರಳೆಯನ್ನು ಮುಟ್ಟಿಯೂ ಗೊತ್ತಿಲ್ಲ!"

"ಮರಳಿನ ದಾರಿ ವಾಲ್ಟರಿಗೆ ಗೊತ್ತು. ಗೆರೆ ದಾಟುವ ಮೊದಲು ಚೀಲದ ವಿಷಯವೂ ಅವರಿಗೆ ಗೊತ್ತಾಗಬೇಕು."

ಹೊಸ ಚೀಟಿಯಲ್ಲಿ ಅವಳು ಹಸನ್ ಕುಂಞಿಯನ್ನು ಚಾಲಕನೆಂದೂ, ವಾಲ್ಟರನನ್ನು ಪಕ್ಕದ ಸೀಟಿಗೆ ಅರ್ಹನೆಂದೂ ಬರೆದು, ಆ ಕೈಗೆ ತಾನೇ ಪ್ಲಾಸ್ಟರ್ ಹಾಕಿದಳು. ಡಾಕ್ಟರರು ಅರಬ್ಬಿಯಲ್ಲಿ ವಿವರಿಸಿದಾಗ ಕಫೀಲ್ ನಕ್ಕು, ಬಗ್ಗಿ ಬಂದರೆ ಸರಿ, ಒಂಟೆಯೇ ಓಡಿಸಲಿ ಎಂದರು.

ಮಧ್ಯಾಹ್ನಕ್ಕೆ ಬೈಕುಗಳು ಬಂದವು. ಇಳಿಹೊತ್ತಿನ ಅಸರ್ ಬಾಂಗಿನ ವೇಳೆಗೆ ಕಾರುಗಳೂ ಬಂದವು. ಡೇರೆಯ ಬಾಗಿಲಲ್ಲಿ ನಿಂತ ಜೆಮ್ಮಾ ಧೂಳಿನ ಪ್ರತಿ ಎಳೆಯನ್ನೂ ಎಣಿಸಿದಳು.

ಸೂರ್ಯ ಕೆಂಪಾಗುವಾಗ ಕೊನೆಯದಾಗಿ ಒಂದು ಬಗ್ಗಿ ಬಂತು. ಮುಂದಿನ ಮಡ್‌ಗಾರ್ಡ್ ಇರಲಿಲ್ಲ. ಹಸನ್ ಕುಂಞಿಯ ತಲೆಗೆ ಕಟ್ಟಿದ್ದ ಬಟ್ಟೆ ಈಗ ರೇಡಿಯೇಟರನ್ನು ಕಟ್ಟಿತ್ತು. ಪಕ್ಕದಲ್ಲಿ ಎದ್ದು ನಿಂತಿದ್ದ ವಾಲ್ಟರ್ ಒಂದೇ ಕೈಯಲ್ಲಿ ದಾರಿ ತೋರಿಸುತ್ತಿದ್ದ.

ಗೆರೆ ದಾಟಿತು.

ಅಂಗಿಯ ಜೇಬಿನಿಂದ ಅವನು ತೆಗೆದ ರಜೆಯ ಕಾಗದಕ್ಕೆ ಕಫೀಲ್ ಅಲ್ಲೇ ಸಹಿ ಹಾಕಿದರು.

ಪ್ಲಾಸ್ಟರ್ ತೋರಿಸುವ ನೆಪದಲ್ಲಿ ಡೇರೆಗೆ ಬಂದ ವಾಲ್ಟರ್ ಮೇಜಿನ ಮೇಲೆ ಕೈ ಚಾಚಿದ.

"ಹಸನ್ ಎಲ್ಲಾ ಹೇಳಿದ. ಹೊಡೆಯೋಣವೆಂದರೆ ಸ್ಟೇರಿಂಗ್ ಅವನ ಕೈಯಲ್ಲಿತ್ತು."

ಅವಳ ತುಟಿಯಲ್ಲಿ ನಗು, ಕಣ್ಣಲ್ಲಿ ನೀರು.

"ನಿಮಗೇ ನಾನು ಬೇಡವಾದೆ ಎಂದುಕೊಂಡಿದ್ದೆ" ಎಂದ. "ನಾನು ಮಾತ್ರ ಬೇರೆ ಯಾರನ್ನೂ ಯೋಚಿಸಲಿಲ್ಲ, ಜೆಮ್ಮಾ."

"ನಾನೂ... ಎಷ್ಟು ಪ್ರಯತ್ನಿಸಿದರೂ." ಅವಳು ಕಣ್ಣೊರೆಸಿಕೊಂಡಳು. "ಮೊದಲು ಹೋಗಿ ಅಪ್ಪನ ಎದುರು ನಿಲ್ಲಿ. ಕಾಗದ ಬೇಡ, ಯಾರ ಕೈಯಲ್ಲೂ ಹೇಳಿ ಕಳಿಸುವುದೂ ಬೇಡ."

"ಅವರು ಬಾಗಿಲು ತೆರೆಯದಿದ್ದರೆ?"

"ಅಂಗಳದಲ್ಲಿ ಕುಳಿತುಕೊಳ್ಳಿ."

"ಎಷ್ಟು ದಿನ?"

"ನನ್ನ ರಜೆ ಏಪ್ರಿಲಿನಲ್ಲಿ. ನಾನು ಬಂದು ಬಾಗಿಲು ತೆರೆಯುತ್ತೇನೆ."