ಡಬ್ಬಿ ಅಂಗಿಯ ಮೀನು

ಸೌಜನ್ಯಾಳಿಗೆ ಮೊದಲು ಸಿಟ್ಟು ಬಂದದ್ದು ಮೀನಿನ ಬಾಲ ನೋಡಿ. ಇದು ಕಳ್ಳತನ ಅಂತ ಹೊಳೆದದ್ದು ಆಮೇಲೆ.

ಹೊನ್ನಾವರ ಬಸ್ ಸ್ಟ್ಯಾಂಡಿನಲ್ಲಿ ಕುಮಟಾ ಬಸ್ಸಿಗೆ ಕಾಯುತ್ತಿದ್ದಳು. ಬೆಂಚಿನ ಮೇಲೆ ಕೂತ ಪ್ರವಾಸಿಯೊಬ್ಬ ತಂಪು ಪಾನೀಯದ ಕ್ಯಾನ್ ಹಿಡಿದಿದ್ದ. ಕೈಗೆ ತಣ್ಣಗೆ ಕೊರೆಯದಂತೆ, ಒಳಗಿನದು ಬೇಗ ಬಿಸಿಯಾಗದಂತೆ ಕ್ಯಾನಿಗೆ ನೀಲಿ ಸ್ಪಂಜಿನ ಕವರು ತೊಡಿಸಿತ್ತು. ಕವರಿನ ಮೇಲೆ ಬೆಳ್ಳಿ ಬಣ್ಣದ ಬಂಗಡೆ ಮೀನು, ಅದರ ಕೆಳಗೆ ಮುರ್ಡೇಶ್ವರದ ಬೀಚ್ ಹೋಟೆಲೊಂದರ ಹೆಸರು.

ಆ ಬಂಗಡೆ ಅವಳದು. ಹೋದ ವರ್ಷ ಅದೇ ಹೋಟೆಲಿಗೆ ನೂರು ಕವರು ಮಾಡಿಕೊಟ್ಟವಳು ಅವಳೇ. ಕುಮಟಾ ಹತ್ತಿರದ ಹೊಳನಗದ್ದೆಯ ಮನೆಯ ಜಗಲಿಯಲ್ಲಿ ಕೂತು, ವಿನೈಲ್ ಹಾಳೆಯನ್ನು ಬ್ಲೇಡಿನಿಂದ ಮೀನಿನ ಆಕಾರಕ್ಕೆ ಕೊರೆದು, ಬೇಡದ ಚೂರುಗಳನ್ನು ಸೂಜಿಮೊನೆಯಿಂದ ಎಬ್ಬಿಸಿ ತೆಗೆದು, ಒಂದೊಂದನ್ನೂ ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ಅಂಟಿಸಿದ್ದಳು. ಮೀನು ಮಾರುವ ಅವಳ ತಾಯಿ ಈರಮ್ಮ ಆ ಕವರುಗಳನ್ನು ಡಬ್ಬಿ ಅಂಗಿ ಎಂದು ಕರೆಯುತ್ತಿದ್ದಳು.

ಸೌಜನ್ಯಾ ಕೊರೆದ ಬಂಗಡೆಯ ಬಾಲ ಒಂದು ಬದಿಗೆ ಬಾಗಿತ್ತು. ಈ ಬಂಗಡೆಯ ಬಾಲವನ್ನು ಯಾರೋ ಸ್ಕೇಲು ಇಟ್ಟ ಹಾಗೆ ನೆಟ್ಟಗೆ ಮಾಡಿದ್ದರು. ಅಷ್ಟು ನೆಟ್ಟಗೆ ವಿನೈಲ್ ಕೊರೆಯುವ ಮಷಿನ್ ಇಡೀ ಹೊನ್ನಾವರದಲ್ಲಿ ಒಂದೇ ಕಡೆ ಇತ್ತು, ಬಸ್ ಸ್ಟ್ಯಾಂಡಿನ ಹಿಂದಿನ ರೇಡಿಯಂ ಸ್ಟಿಕರ್ ಅಂಗಡಿಯಲ್ಲಿ. ಕುಮಟಾ ಬಸ್ಸು ಬಂದು ನಿಂತಿತು. ಸೌಜನ್ಯಾ ಹತ್ತಲಿಲ್ಲ.

ಅಂಗಡಿಯವನ ಹೆಸರು ನರೇಶ, ಕಾಯ್ಕಿಣಿಯವನು. ಬೈಕಿನ ನಂಬರ್ ಪ್ಲೇಟಿಗೆ ಅಕ್ಷರ ಅಂಟಿಸುತ್ತಿದ್ದವನು ತಲೆಯೆತ್ತಿ, ಎಂತ ಬೇಕಿತ್ತು ಅಂತ ಕೇಳಿದ.

"ನನ್ನ ಮೀನಿನ ಬಾಲ ನೆಟ್ಟಗೆ ಮಾಡಿದ್ದು ನೀವಾ?"

ಅವನಿಗೆ ತಲೆಬುಡ ತಿಳಿಯಲಿಲ್ಲ. ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಅವನ ಮುಖ ಸಣ್ಣದಾಯಿತು. ಹೋಟೆಲಿನ ಮ್ಯಾನೇಜರ್ ಅನಂತಮೂರ್ತಿ ಒಂದು ಕವರು ತಂದು, ಇದು ನಮ್ಮ ಹೋಟೆಲಿನದೇ ಚಿತ್ರ, ಇಂಥವೇ ಮುನ್ನೂರು ಮಾಡಿಕೊಡು ಎಂದಿದ್ದನಂತೆ. ಇವನು ಸ್ಕ್ಯಾನ್ ಮಾಡಿ ಮಷಿನ್ನಿಗೆ ಹಾಕಿದನಂತೆ. ಬಾಲ ಸೊಟ್ಟಗಿದೆ, ಕೈ ತಪ್ಪಿರಬೇಕು ಅಂತ ತಾನೇ ಸರಿ ಮಾಡಿದನಂತೆ.

"ಕೈ ತಪ್ಪಿದ್ದಲ್ಲ ಅದು. ಮೀನು ತಿರುಗೂವಾಗ ಬಾಲ ನೆಟ್ಟಗಿರ್ತದಾ? ನೀವು ಮೀನು ನೋಡಿದ್ದೀರಾ?"

"ನೋಡಿದ್ದೆ," ಅಂದ ನರೇಶ ಮೆಲ್ಲಗೆ. "ತಟ್ಟೆಯಲ್ಲಿ."

ಅವಳ ತುಟಿಯಂಚಿಗೆ ನಗು ಬಂದೇಬಿಟ್ಟಿತು. ಅದನ್ನು ನುಂಗಿದ್ದಕ್ಕೆ ಸಿಟ್ಟು ಇನ್ನಷ್ಟು ಹೆಚ್ಚಾಯಿತು. ಅವನು ಚಾ ತರಿಸುತ್ತೇನೆ ಅಂದ, ಬೇಡ ಅಂದಳು. ಕೂತುಕೊಳ್ಳಿ ಅಂದ, ಅದೂ ಬೇಡ ಅಂದಳು. ಮೆಟ್ಟಿಲು ಇಳಿಯುವಾಗ ತಿರುಗಿ ನೋಡಬಾರದು ಅಂದುಕೊಂಡೇ ತಿರುಗಿದಳು. ಅವನ ಬಲ ಹುಬ್ಬಿನ ಮೇಲೆ ಕೆಂಪು ವಿನೈಲಿನ ಚೂರೊಂದು ಅಂಟಿತ್ತು. ಮನೆ ಮುಟ್ಟುವವರೆಗೂ ಆ ಚೂರು ಅವಳ ಕಣ್ಣ ಮುಂದೇ ಇತ್ತು. ಕಳ್ಳನ ಹುಬ್ಬಿನ ಮೇಲೆ ಏನಿದ್ದರೆ ನನಗೇನು ಅಂತ ತನ್ನನ್ನೇ ಬೈದುಕೊಂಡಳು.

ಮರುದಿನವೇ ಮುರ್ಡೇಶ್ವರಕ್ಕೆ ಹೋದಳು. ಅನಂತಮೂರ್ತಿ ಅವಳನ್ನು ಕೂರಿಸಲೂ ಇಲ್ಲ. ಸಮುದ್ರದಲ್ಲಿ ಇರುವ ಮೀನು ಎಲ್ಲರದು, ನಿನ್ನ ಹೆಸರು ಬರೆದುಕೊಂಡು ಈಜುತ್ತದಾ ಎಂದು ಕೇಳಿದ. ಮನೆಯಲ್ಲಿ ಇಸ್ತ್ರಿ ಹಾಕುವ ಹೆಂಗಸಿಗೆ ಡಿಸೈನಿನ ಮಾತು ಯಾಕೆ ಅಂದ. ಕೌಂಟರಿನಲ್ಲಿದ್ದ ಇಬ್ಬರು ನಕ್ಕರು. ವಾಪಸು ಬರುವಾಗ ಶರಾವತಿ ಸೇತುವೆಯ ಮೇಲೆ ಬಸ್ಸಿನ ಕಿಟಕಿಯಲ್ಲಿ ಗಾಳಿ ಎಷ್ಟು ಬೀಸಿದರೂ ಅವಳ ಮುಖದ ಬಿಸಿ ಆರಲಿಲ್ಲ.

ಆ ಭಾನುವಾರ ಮಧ್ಯಾಹ್ನ ನರೇಶ ಬೈಕಿನಲ್ಲಿ ಹೊಳನಗದ್ದೆಗೆ ಬಂದ. ಮನೆ ಹುಡುಕುವುದು ಕಷ್ಟವಾಗಲಿಲ್ಲವಂತೆ. ಡಬ್ಬಿ ಅಂಗಿ ಮಾಡುವವರ ಮನೆ ಅಂದದ್ದಕ್ಕೆ ಮೂವರು ದಾರಿ ತೋರಿಸಿದರಂತೆ. ಮಷಿನ್ನಿನಲ್ಲಿದ್ದ ಚಿತ್ರ ಅಳಿಸಿದೆ ಅಂದ. ಉಳಿದಿದ್ದ ಕೊರೆದ ಹಾಳೆಗಳನ್ನೆಲ್ಲ ಜಗಲಿಯ ಮೇಲಿಟ್ಟ. ಆಮೇಲೆ ನಾಚಿಕೆಯಿಂದ ಇನ್ನೊಂದು ವಿಷಯ ಹೇಳಿದ. ತಾನು ಒತ್ತಿಕೊಟ್ಟ ಮೀನುಗಳು ಅಂಚಿನಲ್ಲಿ ಏಳುತ್ತಿವೆ, ಯಾಕೆ ಅಂತ ತಿಳಿಯುತ್ತಿಲ್ಲ.

ಕದ್ದದ್ದಲ್ಲದೆ ಕೆಟ್ಟದಾಗಿ ಬೇರೆ ಅಂಟಿಸಿದ್ದಾನೆ. ಸೌಜನ್ಯಾಳಿಗೆ ಅದನ್ನು ಸಹಿಸಲಾಗಲಿಲ್ಲ. ಕಲಿಸುವ ಮನಸ್ಸಿನಿಂದಲ್ಲ, ಅವನ ತಪ್ಪು ತೋರಿಸಬೇಕು ಅಂತಲೇ ಇಸ್ತ್ರಿ ಪೆಟ್ಟಿಗೆ ತಂದಳು.

"ನೀವು ಅಂಗಿಗೆ ಇಸ್ತ್ರಿ ಹಾಕೂ ಹಾಗೆ ಉಜ್ಜಿದ್ದೀರಿ. ಉಜ್ಜೂಕೆ ಇಲ್ಲ. ಒತ್ತಬೇಕು."

ಕವರನ್ನು ಚಪ್ಪಟೆಯಾಗಿ ಹಾಸಿ, ಮೀನನ್ನಿಟ್ಟು, ಮೇಲೆ ತೆಳು ಹತ್ತಿ ಬಟ್ಟೆ ಮುಚ್ಚಿದಳು. ಬಿಸಿ ಕಮ್ಮಿಯಾದರೆ ಮೀನು ಹಿಡಿಯುವುದಿಲ್ಲ, ಜಾಸ್ತಿಯಾದರೆ ಸ್ಪಂಜು ಕರಗುತ್ತದೆ. ಹನ್ನೆರಡು ಎಣಿಸುವವರೆಗೆ ಅಲ್ಲಾಡಿಸದೆ ಒತ್ತಿ, ಪೂರ್ತಿ ತಣಿದ ಮೇಲೆ ಮೀನಿನ ಮೇಲಿರುವ ಪಾರದರ್ಶಕ ಹಾಳೆ ಎಳೆದು ತೆಗೆಯಬೇಕು. ಎಣಿಸಲು ಅವನಿಗೆ ಹೇಳಿದಳು. ಅವನು ಏಳರವರೆಗೆ ಸರಿಯಾಗಿ ಎಣಿಸಿದ. ಎಂಟು ಬರಲಿಲ್ಲ. ಅವಳು ಕಣ್ಣೆತ್ತಿದಳು. ಅವನು ಇಸ್ತ್ರಿ ಪೆಟ್ಟಿಗೆ ನೋಡುತ್ತಿರಲಿಲ್ಲ. ಅವಳ ಕೆನ್ನೆಗೆ ಬೆವರಿನಲ್ಲಿ ಅಂಟಿದ ಕೂದಲೆಳೆ ನೋಡುತ್ತಿದ್ದ. ಸಿಕ್ಕಿಬಿದ್ದದ್ದು ತಿಳಿದು ಗಡಬಡಿಸಿ, ಹದಿನೈದು ಅಂದುಬಿಟ್ಟ.

ಆ ಕವರು ಕರಗಿತು. ಅವಳು ಅದಕ್ಕೂ ಅವನನ್ನೇ ಬೈದಳು.

ಈರಮ್ಮ ಮೀನು ಮಾರ್ಕೆಟ್ಟಿನಿಂದ ಬಂದವಳು, ಬೈಗುಳ ಕೇಳುತ್ತ ಕೂತವನನ್ನು ನೋಡಿ, ನೀವು ಉಂಡು ಹೋಗಿ ಅಂದಳು. ಬಡಿಸುತ್ತ ಯಾವ ಮನೆ, ಅಪ್ಪ ಎಂತ ಮಾಡುತ್ತಾರೆ ಅಂತ ವಿಚಾರಿಸಿದಳು. ಅಪ್ಪ ಗದ್ದೆ ಮಾಡುತ್ತಾರೆ ಅಂದ. ಮೀನು ಚೆನ್ನಾಗಿದೆ ಅಂತ ಎರಡು ಸಲ ಹೇಳಿದ. ಒಂದು ಸಲ ಈರಮ್ಮನಿಗೆ, ಒಂದು ಸಲ ಸೌಜನ್ಯಾಳ ಕಡೆ ನೋಡಿ.

ಮುಂದಿನ ಭಾನುವಾರವೂ ಬಂದ. ಅದರ ಮುಂದಿನದೂ. ಪ್ರತಿ ಸಲ ಒಂದು ನೆಪ ಇರುತ್ತಿತ್ತು. ಬಾಂಬೆಯಿಂದ ಹೊಸ ಬಣ್ಣದ ಹಾಳೆ ಬಂದಿದೆ, ಒಂದು ಬ್ಲೇಡು ಸಿಕ್ಕಿದೆ, ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೊರೆಯುವುದನ್ನು ಇನ್ನೊಮ್ಮೆ ತೋರಿಸಿ. ಅವಳು ಪ್ರತಿ ಸಲ ಯಾವುದಾದರೂ ತಪ್ಪು ಹುಡುಕಿ ಬೈಯುತ್ತಿದ್ದಳು. ಒಂದು ಭಾನುವಾರ ಅವನು ಬರಲಿಲ್ಲ. ಬೈಯಲು ಯಾರೂ ಇಲ್ಲದೆ ಅವಳು ಇಡೀ ಮಧ್ಯಾಹ್ನ ಒಂದೇ ಮೀನನ್ನು ಮೂರು ಸಲ ಹಾಳುಮಾಡಿದಳು. ಬಾರದೇ ಇದ್ದದ್ದಕ್ಕೆ ಮುಂದಿನ ವಾರ ಎರಡು ವಾರದ ಬೈಗುಳ ಒಟ್ಟಿಗೆ ಕೊಟ್ಟಳು. ಅಮ್ಮನಿಗೆ ಜ್ವರ ಬಂದಿತ್ತು ಅಂತ ಅವನು ಕೊನೆಯಲ್ಲಿ ಹೇಳಿದ. ಅದನ್ನು ಮೊದಲೇ ಹೇಳದೆ ಬೈಸಿಕೊಂಡದ್ದು ಯಾಕೆ ಅಂತ ಕೇಳಿದಳು. ಕೇಳಲು ಚಂದ ಇತ್ತು ಅಂದ.

ಅವನು ಹೋದ ಮೇಲೆ ಬಹಳ ಹೊತ್ತು ಅವಳ ಕಿವಿ ಬೆಚ್ಚಗಿತ್ತು.

ಮಾರ್ಚಿನಲ್ಲಿ ಮುರ್ಡೇಶ್ವರದ ಹೋಟೆಲಿನ ವಾರ್ಷಿಕೋತ್ಸವ ಆಯಿತು. ಕವರು ತೊಡಿಸಿದ ಕ್ಯಾನುಗಳನ್ನು ದೊಡ್ಡ ಟಬ್ಬಿನಲ್ಲಿ ಮಂಜುಗಡ್ಡೆ ಸುರಿದು ಇಟ್ಟಿದ್ದರಂತೆ. ಗಂಟೆ ಕಳೆಯುವುದರೊಳಗೆ ಮೀನುಗಳೆಲ್ಲ ಕಿತ್ತು ನೀರಿನ ಮೇಲೆ ತೇಲಿದವಂತೆ. ಅತಿಥಿಗಳ ಮುಂದೆ ಮಾನ ಹೋದದ್ದಕ್ಕೆ ಹೋಟೆಲಿನ ಒಡತಿ ಮಾಲತಿ ಕೇಳಿದಾಗ, ಇದು ಕುಮಟಾದ ಮೀನು ಮಾರುವವರ ಮಗಳ ಕೆಲಸ ಅಂತ ಅನಂತಮೂರ್ತಿ ಎಲ್ಲರೆದುರು ಹೇಳಿದನಂತೆ.

ಸುದ್ದಿ ಮರುದಿನ ಕುಮಟಾ ಮಾರ್ಕೆಟ್ಟಿಗೆ ಬಂತು. ನಿನ್ನ ಮಗಳ ಮೀನು ನೀರಿಗೆ ಬಿದ್ದರೆ ಬಿಟ್ಟುಹೋಗ್ತದಂತೆ ಅಂತ ಗಿರಾಕಿಗಳೇ ಈರಮ್ಮನ ಮುಖಕ್ಕೆ ಹೇಳಿದರು. ಮೂವತ್ತು ವರ್ಷ ಬುಟ್ಟಿ ಹೊತ್ತರೂ ಯಾರ ಮಾತಿಗೂ ತಲೆ ತಗ್ಗಿಸದವಳು ಅವತ್ತು ಅರ್ಧ ಮೀನು ವಾಪಸು ತಂದಳು. ಮಗಳಿಗೆ ಏನೂ ಹೇಳಲಿಲ್ಲ. ಪಕ್ಕದ ಮನೆಯ ಕಾಳಿ ಬಂದು ಹೇಳಿದಳು.

ಸೌಜನ್ಯಾ ಬೂತಿನಿಂದ ನರೇಶನಿಗೆ ಫೋನ್ ಮಾಡಿದಳು. ಅವನು ಹೇಳಿದ. ಆ ಮೀನುಗಳು ನಿಲ್ಲುವುದಿಲ್ಲ, ವಾಪಸು ಕೊಡಿ, ಸರಿಯಾಗಿ ಒತ್ತಿಕೊಡುತ್ತೇನೆ ಅಂತ ಜನವರಿಯಲ್ಲೇ ಹೋಗಿ ಅನಂತಮೂರ್ತಿಗೆ ಹೇಳಿದ್ದೆ. ಯಾರು ನೋಡ್ತಾರೆ ಬಿಡು ಅಂದಿದ್ದ.

ಎಲ್ಲ ಗೊತ್ತಿದ್ದೂ ಆ ಮ್ಯಾನೇಜರ್ ತಪ್ಪನ್ನು ತನ್ನ ತಲೆಗೆ ಕಟ್ಟಿದ್ದಾನೆ. ನಾಳೆ ಬೆಳಿಗ್ಗೆ ನಾನೇ ಹೋಗಿ ಮಾತಾಡುತ್ತೇನೆ ಅಂತ ಹೇಳಿ ಫೋನ್ ಇಟ್ಟಳು.

ಮರುದಿನ ಮುರ್ಡೇಶ್ವರಕ್ಕೆ ಹೋಗುವ ಭಟ್ಕಳ ಬಸ್ಸಿನಲ್ಲಿ ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡಳು. ಚೀಲದಲ್ಲಿ ಒಂದು ಖಾಲಿ ಕವರು, ಕೊರೆದ ಒಂದು ಮೀನು ಇತ್ತು. ಹೋಟೆಲಿನೊಳಗೆ ಕಾಲಿಟ್ಟರೆ ನರೇಶ ಆಗಲೇ ಅಲ್ಲಿದ್ದ. ಮಾಲತಿಯ ಎದುರು ನಿಂತು, ಮುನ್ನೂರು ಮೀನು ಒತ್ತಿದ್ದು ನಾನು, ತಪ್ಪು ನನ್ನದು, ಚಿತ್ರ ಅವರದು ಅಂತ ಹೇಳಿ ಮುಗಿಸುತ್ತಿದ್ದ. ಅನಂತಮೂರ್ತಿ ಬಾಗಿಲ ಕಡೆ ನೋಡುತ್ತಿದ್ದ. ಈ ಹೋಟೆಲಿನ ಬೋರ್ಡುಗಳ ಕೆಲಸವೆಲ್ಲ ನರೇಶನದು. ಇನ್ನು ಅದು ತನಗೆ ಸಿಗುವುದಿಲ್ಲ ಅಂತ ನರೇಶನ ಮುಖವೇ ಹೇಳುತ್ತಿತ್ತು.

ಸೌಜನ್ಯಾಳಿಗೆ ಕೃತಜ್ಞತೆ ಬರಬೇಕಿತ್ತು. ಬಂದದ್ದು ಕೋಪ. ಅಷ್ಟು ದೂರದಿಂದ ಜೋಡಿಸಿಕೊಂಡು ಬಂದ ಮಾತನ್ನು ಇವನು ಆಡಿಬಿಟ್ಟಿದ್ದ.

"ಇವರು ಹೇಳಿದ್ದು ಸಾಲೂದಿಲ್ಲ," ಅಂದಳು ಮಾಲತಿಗೆ. "ನಾನೂ ಹೇಳ್ಬೇಕು."

ಹೇಳಿದಳು. ಮೊದಲಿನಿಂದ, ಒಂದನ್ನೂ ಬಿಡದೆ, ಇಸ್ತ್ರಿ ಹಾಕುವ ಹೆಂಗಸು ಅಂದದ್ದನ್ನೂ ಸೇರಿಸಿ. ಆಮೇಲೆ ಹೋಟೆಲಿನ ಬಟ್ಟೆ ಒಗೆಯುವ ಕೋಣೆಯ ಇಸ್ತ್ರಿ ಪೆಟ್ಟಿಗೆ ಕೇಳಿದಳು. ಎಲ್ಲರೂ ನೋಡುತ್ತಿರುವಾಗಲೇ ಬಟ್ಟೆ ಮುಚ್ಚಿ, ಒತ್ತಿ, ತಣಿಯುವವರೆಗೆ ಕಾದು, ಹಾಳೆ ಎಳೆದಳು. ಮಂಜುಗಡ್ಡೆಯ ನೀರಿಗೆ ಹಾಕಿಸಿದಳು. ಅರ್ಧ ಗಂಟೆಯ ಮೇಲೆ ಮಾಲತಿಯೇ ಕವರು ಎತ್ತಿ ಉಗುರಿನಿಂದ ಮೀನಿನ ಅಂಚು ಕೆರೆದು ನೋಡಿದರು. ಮೀನು ಏಳಲಿಲ್ಲ.

ಮಾಲತಿ ಮ್ಯಾನೇಜರನ ಕಡೆ ತಿರುಗಿದರು. ಅನಂತಮೂರ್ತಿ ಗೋಡೆ ನೋಡಿಕೊಂಡು, ತಪ್ಪಾಯ್ತು ಅಂದ.

"ನನ್ನ ಮುಖ ನೋಡಿ ಹೇಳಿ," ಅಂದಳು ಸೌಜನ್ಯಾ.

ಅವನು ಹೇಳಬೇಕಾಯಿತು. ಐನೂರು ಕವರು ನೀನೇ ಮಾಡಿಕೊಡು ಅಂತ ಮಾಲತಿ ಕೇಳಿದರು. ಈ ಮನುಷ್ಯ ಇಲ್ಲಿರುವವರೆಗೆ ನನ್ನ ಮೀನು ಈ ಹೋಟೆಲಿಗೆ ಬರುವುದಿಲ್ಲ ಅಂತ ಹೇಳಿ, ಮಾಡಿದ ಕವರನ್ನೂ ಚೀಲಕ್ಕೆ ಹಾಕಿಕೊಂಡು ಹೊರಟಳು.

ಬಸ್ ಸ್ಟಾಪಿನಲ್ಲಿ ನರೇಶ ಹಿಂದಿನಿಂದ ಬೈಕು ತಳ್ಳಿಕೊಂಡು ಬಂದ. ಅವಳು ಅದಕ್ಕೇ ಕಾಯುತ್ತಿದ್ದಳು.

"ನಾನೇ ಹೋಗ್ತೆ ಅಂದಿದ್ನಲ್ಲ. ನನ್ನ ಮಾತು ನನಗಿಂತ ಮೊದ್ಲು ಆಡೂಕೆ ನಿಮ್ಗೆ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಅವ ನಿಮ್ಗೆ ಹಾಗೆ ಅಂದದ್ದು ತಡ್ಕೊಳ್ಳೂಕೆ ಆಗ್ಲಿಲ್ಲ."

"ಎಂತಕ್ಕೆ ಆಗ್ಲಿಲ್ಲ?"

ಅಷ್ಟರಲ್ಲಿ ಹೊನ್ನಾವರದ ಬಸ್ಸು ಬಂತು, ನಿಂತಿತು. ಕಂಡಕ್ಟರ್ ಅವಳನ್ನು ನೋಡಿ ಸೀಟಿ ಹಿಡಿದು ಕಾದ. ಅವಳು ಹತ್ತಲಿಲ್ಲ. ಬಸ್ಸು ಹೋಯಿತು.

"ಇನ್ನೊಂದು ಬಸ್ಸಿಗೆ ಅರ್ಧ ಗಂಟೆ ಇದ್ದದೆ," ಅಂದಳು. "ಅಷ್ಟರೊಳಗೆ ಹೇಳಿ."

ಅವನಿಗೆ ಅರ್ಧ ಗಂಟೆ ಬೇಕಾಗಲಿಲ್ಲ. ಬೈಕಿನ ಹ್ಯಾಂಡಲು ಗಟ್ಟಿ ಹಿಡಿದು, ನೆಲ ನೋಡದೆ ಅವಳನ್ನೇ ನೋಡಿ ಹೇಳಿದ.

"ಭಾನುವಾರ ಬಿಟ್ಟು ಬಾಕಿ ಆರು ದಿನ ನಂಗೆ ಎಂತದೂ ಬೇಡ ಅನಿಸ್ತದೆ. ನೀವು ಬೈಯೂದಾದ್ರೆ ದಿನಾ ಬೈಯಿರಿ. ಹತ್ರ ಇದ್ದು ಬೈಯಿರಿ. ನನ್ನ ಮದ್ವೆ ಆಗ್ತೀರಾ?"

ಸಮುದ್ರದ ಗಾಳಿಗೆ ಅವಳ ಸೆರಗು ಹಾರಿ ಬೈಕಿನ ಕನ್ನಡಿಗೆ ಸಿಕ್ಕಿಕೊಂಡಿತು. ಅವನು ಮೆಲ್ಲಗೆ ಬಿಡಿಸಿದ. ಬಿಡಿಸಿದ ಮೇಲೂ ಅಂಚು ಅವನ ಬೆರಳ ನಡುವೆ ಒಂದು ಕ್ಷಣ ಉಳಿಯಿತು. ಅವಳು ಎಳೆದುಕೊಳ್ಳಲಿಲ್ಲ.

"ಇಷ್ಟು ಹೇಳೂಕೆ ಮೂರು ತಿಂಗ್ಳು ಬೇಕಾಯ್ತಾ ನಿಮ್ಗೆ?" ಅಂದಳು. ದನಿಯಲ್ಲಿ ಸಿಟ್ಟಿತ್ತು, ಕಣ್ಣಲ್ಲಿ ನೀರು ತುಂಬಿತ್ತು. "ಆತು. ಬೈಕ್ ಸ್ಟಾರ್ಟ್ ಮಾಡಿ."

ಮುರ್ಡೇಶ್ವರದಿಂದ ಕುಮಟಾದವರೆಗೆ ಹೈವೇ ಉದ್ದಕ್ಕೂ ಅವನ ಹಿಂದೆ ಕೂತಳು. ಯಾರು ನೋಡಿದರೂ ನೋಡಲಿ ಅಂತ ತಲೆಯೆತ್ತಿ ಕೂತಳು. ಸೇತುವೆಯ ಮೇಲೆ ಗಾಳಿ ಜೋರಾದಾಗ ಅವನ ಹೆಗಲು ಹಿಡಿದಳು. ಗಾಳಿ ನಿಂತ ಮೇಲೂ ಕೈ ತೆಗೆಯಲಿಲ್ಲ. ಮನೆಗೆ ಬಿಡಲಾ ಅಂತ ಅವನು ಕೇಳಿದ. ಬೇಡ, ಮೀನು ಮಾರ್ಕೆಟ್ಟಿಗೆ ಬಿಡಿ, ಎಲ್ಲರೆದುರು ನಿಲ್ಲಿಸಿ ಅಂದಳು.

ಈರಮ್ಮ ಗಿರಾಕಿಗೆ ಮೀನು ಹೆಚ್ಚಿಕೊಡುತ್ತಿದ್ದಳು. ಅಕ್ಕಪಕ್ಕದ ಹೆಂಗಸರು ಮಾತು ನಿಲ್ಲಿಸಿದರು. ಸೌಜನ್ಯಾ ಒದ್ದೆ ಕವರನ್ನು ತಾಯಿಯ ಬುಟ್ಟಿಯ ಪಕ್ಕ ಇಟ್ಟು, ಎಲ್ಲರಿಗೂ ಕೇಳುವ ಹಾಗೆ, ಮಂಜುಗಡ್ಡೆಯ ನೀರಿನಲ್ಲಿ ಅರ್ಧ ಗಂಟೆ ಇಟ್ಟದ್ದು, ಯಾರು ಬೇಕಾದರೂ ಕಿತ್ತು ನೋಡಿ ಅಂದಳು. ಮುಂದಿನದನ್ನು ಹೇಗೆ ಶುರು ಮಾಡುವುದು ಅಂತ ತಿಳಿಯದೆ ನಿಂತಳು.

ಈರಮ್ಮ ಕತ್ತಿ ಕೆಳಗಿಟ್ಟಳು. ಮಗಳ ಮುಖ ನೋಡಿದಳು, ಅವಳ ಹಿಂದೆ ಬಿಸಿಲಿನಲ್ಲಿ ನಿಂತವನನ್ನು ನೋಡಿದಳು. ಮೂರು ತಿಂಗಳು ಅವನನ್ನು ನೀವು, ಬನ್ನಿ ಅಂತಲೇ ಮಾತಾಡಿಸಿದವಳು ಅವಳು.

"ಬಿಸಿಲಲ್ಲಿ ಎಂತಕ್ಕೆ ನಿಂತಿದ್ದೀ ಮಗಾ?" ಅಂದಳು. "ಬಾ, ಇಲ್ಲಿ ನೆರಳಿಗೆ ಕೂತ್ಕೋ."

ನರೇಶ ಹೋಗಿ ಬುಟ್ಟಿಯ ಪಕ್ಕ ಕೂತ. ಸೌಜನ್ಯಾಳಿಗೆ ಮತ್ತೆ ಸಿಟ್ಟು ಬಂತು. ತಾನು ಬಾಯಿ ಬಿಡುವ ಮೊದಲೇ ಅಮ್ಮನಿಗೆ ಎಲ್ಲ ಗೊತ್ತಿತ್ತು.