ಬರೀ ಪೆಟ್ರೋಲ್ ಸಾಕು

"ನಿಲ್ಲಸ್ರೀ! ಅದು ನನ್ ಗಾಡಿ!"

ಮಸ್ಕಿ ಬಸ್ ನಿಲ್ದಾಣದ ಮುಂದೆ ಸುರೇಖಾ ಕೈ ಅಡ್ಡ ಹಿಡಿದೇ ಬಿಟ್ಟಳು. ಸಂತೆಕಲ್ಲೂರಿನ ಶಾಲೆಗೆ ಹೊರಟಿದ್ದ ಟೀಚರಮ್ಮ ನಡುರಸ್ತೆಗೆ ಇಳಿದದ್ದು ಕಂಡು ಆಟೋದವರೆಲ್ಲ ಬಾಯಿ ಬಿಟ್ಟರು.

ಬೈಕ್ ನಿಂತಿತು. ಕಪ್ಪು ಯಮಹಾ ಆರ್‌ಎಕ್ಸ್ ಹಂಡ್ರೆಡ್. ಆ ಸದ್ದು, ಆ ನೀಲಿ ಹೊಗೆಯ ವಾಸನೆ... ನಾಲ್ಕು ವರ್ಷದ ಮೇಲೂ ಅವಳಿಗೆ ಗುರುತು ತಪ್ಪಲಿಲ್ಲ.

"ಕಾಗದ ಎಲ್ಲಾ ನನ್ ಹೆಸರಿಗೆ ಅದಾವ್ರಿ ಮೇಡಂ," ಸವಾರ ನಕ್ಕ.

"ಸೈಡ್ ಕವರ್ ತೆಗದು ನೋಡ್ರಿ. ಒಳಗ ಮೊಳೀಲೆ ನನ್ ಹೆಸರು ಕೆತ್ತೀನಿ."

ಅವನ ನಗು ನಿಂತಿತು. "ಆ ಸುರೇಖಾ... ನೀವೇನ್ರಿ? ಈ ಗಾಡಿ ತಗೊಂಡ ಎರಡು ವರ್ಷದಿಂದ ಯಾರಿರಬಹುದು ಅಂತ ತಲಿ ಕೆಡಿಸ್ಕೊಂಡೀನ್ರಿ!"

ಅಪ್ಪ ಅಂಬಪ್ಪ ಅವಳಿಗೆ ಕಾಲುವೆ ದಂಡೆಯ ಮೇಲೆ ಕಲಿಸಿದ ಗಾಡಿ ಅದು. ಅಪ್ಪ ತೀರಿಕೊಂಡ ಮೇಲೂ ಅದರಲ್ಲೇ ಸಿಂಧನೂರಿನ ಕಾಲೇಜಿಗೆ ಹೋಗುತ್ತಿದ್ದಳು. ಗಾಡಿ ಹೊಡೆಯುವ ಹುಡುಗಿ ಬೇಡವೆಂದು ವರನ ಕಡೆಯವರು ಮೂಗು ಮುರಿದಾಗ ಅವ್ವ ಗದ್ದೆಮ್ಮ ಮಾರಿಸಿಬಿಟ್ಟಿದ್ದಳು. ಆ ವರನೂ ದಕ್ಕಲಿಲ್ಲ, ಗಾಡಿಯೂ ಉಳಿಯಲಿಲ್ಲ!

ಸವಾರನ ಹೆಸರು ಸಿದ್ದರಾಮೇಶ. ಲಿಂಗಸುಗೂರಿನ ಮನೆಯಿಂದ, ಈಚೆಗಷ್ಟೇ ವರ್ಗವಾಗಿದ್ದ ಸಿಂಧನೂರಿನ ಕಚೇರಿಗೆ ದಿನಾ ಮಸ್ಕಿ ಮೇಲೆಯೇ ಓಡಾಟ. ಅಂದಿನಿಂದ ಸುರೇಖಾ ಅರ್ಧ ಗಂಟೆ ಮೊದಲೇ ನಿಲ್ದಾಣಕ್ಕೆ ಬರತೊಡಗಿದಳು. ಗಾಡಿ ನೋಡಲಿಕ್ಕೆ ಅಂತ ತನಗೆ ತಾನೇ ಸುಳ್ಳು ಹೇಳಿಕೊಂಡಳು.

ಒಂದು ಭಾನುವಾರ ಅವನೇ ಕೀಲಿ ಕೊಟ್ಟ. "ಒಂದು ಸುತ್ತು ಹೋಗಿ ಬರ್ರಿ."

ಅವಳು ಖುಷಿಗೆ ಬಂಕಿನಲ್ಲಿ ಟ್ಯಾಂಕ್ ತುಂಬಿಸಿದಳು. ಮೂರು ಮೈಲಿ ದಾಟಿರಲಿಲ್ಲ, ಎಂಜಿನ್ ಕಿರ್ರ್ ಎಂದು ಹಿಡಿದು ನಿಂತುಬಿಟ್ಟಿತು.

ಫೋನ್ ಮಾಡಿದಾಗ ಓಡಿಬಂದ ಸಿದ್ದರಾಮೇಶ ಟ್ಯಾಂಕ್ ಮೂಸಿ ನೋಡಿದ. "ಪೆಟ್ರೋಲಿಗೆ ಆಯಿಲ್ ಬೆರೆಸ್ಲಿಲ್ಲೇನ್ರಿ?"

"ಬ್ಯಾರೆ ಡಬ್ಬಿಯಿಂದ ಆಯಿಲ್ ಪಂಪ್ ತಾನ ಎಳಕೊಳ್ತೈತಲ್ರಿ... ನಮ್ಮಪ್ಪನ ಕಾಲದಿಂದ!"

"ಪಂಪ್ ಬಂದ್ ಮಾಡಿಸೀನ್ರಿ. ಈಗ ಪೆಟ್ರೋಲಿನ್ಯಾಗ ಬೆರೆಸಬೇಕು..." ಅವನ ಮುಖ ಬಿಳುಚಿತು. "ನೀವು ಆಟೋ ಹಿಡದು ಮನಿಗೆ ಹೋಗ್ರಿ."

ಅಷ್ಟೇ ಮಾತು! ಅಪ್ಪನ ಗಾಡಿಯನ್ನು ನಾನೇ ಕೊಂದೆ... ಇವರು ನನ್ನ ಮುಖ ಇನ್ನು ನೋಡುವುದಿಲ್ಲ.

ಆಮೇಲೆ ಅವನ ಫೋನ್ ಬಂದರೂ ಅವಳು ಎತ್ತಲಿಲ್ಲ. ಮೂರು ವಾರ ರಸ್ತೆಯಲ್ಲಿ ಆ ಸದ್ದೇ ಇಲ್ಲ. ಪಾಠದ ನಡುವೆ ಯಾವುದೋ ಬೈಕ್ ಹೋದರೂ ಸುರೇಖಾ ಕಿಟಕಿಗೆ ಓಡುತ್ತಿದ್ದಳು. ಊಟ ರುಚಿಸದು, ಕೂತಲ್ಲಿ ಕೂರಲಾಗದು.

ಕಡೆಗೆ ಆಟೋದ ಶಾವಲಿ ಸುದ್ದಿ ತಂದ. "ಟೀಚರ್, ನಿಮ್ ಗಾಡಿ ಲಿಂಗಸುಗೂರಾಗ ಉಸ್ಮಾನ್‌ಸಾಬನ ಗ್ಯಾರೇಜಿನ್ಯಾಗ ಬಿಚ್ಚಿ ಹಾಕ್ಯಾರ್ರಿ!"

ಶಾಲೆಗೆ ರಜೆ ಹಾಕಿ ಲಿಂಗಸುಗೂರಿನ ಬಸ್ ಹತ್ತಿದಳು. ಗ್ಯಾರೇಜಿನಲ್ಲಿ ಸಿದ್ದರಾಮೇಶ ಮೊಣಕೈವರೆಗೆ ಮಸಿ ಮಾಡಿಕೊಂಡು ಗಾಡಿಯ ಪಕ್ಕ ಕೂತಿದ್ದ.

"ಗುಜರಿಗೆ ಹಾಕ್ತೀರೇನು? ನನ್ ಮ್ಯಾಲಿನ ಸಿಟ್ಟು ಅದರ ಮ್ಯಾಲೆ ತೀರಿಸ್ಕೋತೀರಿ?" ಅವಳು ಬಾಗಿಲಲ್ಲೇ ಕೂಗಿದಳು.

"ಸಿಟ್ಟಾ? ತಪ್ಪು ನಂದು! ಪಂಪಿನ ಮಾತು ಹೇಳದೆ ಕೀಲಿ ಕೊಟ್ಟೆ. ಫೋನ್ ಎತ್ತಿದ್ರ ಹೇಳ್ತಿದ್ದೆ..."

ಉಸ್ಮಾನ್‌ಸಾಬ್ ಗಡ್ಡ ಕೆರೆದುಕೊಂಡ. "ಪಿಸ್ಟನ್ ಎಂದೋ ಆತು ಬೇಟಿ. ಹಳೇ ಪಂಪ್ ಮತ್ತ ಚಾಲೂ ಮಾಡು ಅಂತ ಜೀವ ತಿಂದಾನ. ಸಾಮಾನು ಹುಡುಕೂದ್ರಾಗ ಇಷ್ಟು ದಿನ ಹೋದ್ವು, ಈಗಷ್ಟ ಜೋಡ್ಸಿ ಮುಗಿಸೀವಿ!"

"ಪಂಪ್ ಯಾಕ?"

ಸಿದ್ದರಾಮೇಶ ತಲೆ ತಗ್ಗಿಸಿದ. "ನಿಮ್ಮಪ್ಪ ಕಲಿಸಿದ್ದು ನೀವ್ಯಾಕ ಮರೀಬೇಕ್ರಿ? ಗಾಡಿನೇ ನಿಮ್ಮ ರೂಢಿಗೆ ಬರ್ಲಿ ಅಂತ."

ಸುರೇಖಾಳ ಕಣ್ಣು ತುಂಬಿತು. "ಗಾಡಿ ಈಗ ನಿಮ್ದು ಐತಲ್ರಿ..."

"ಕಾಗದದಾಗ ನನ್ ಹೆಸರು, ಒಳಗ ನಿಮ್ ಹೆಸರು. ಎರಡೂ ಒಂದ ಮನ್ಯಾಗ ಇದ್ರ ನನಗ ಭಾಳ ಖುಷಿ, ಸುರೇಖಾ."

ಅವಳು ಅವನ ಕೈಯಿಂದ ಕೀಲಿ ತೆಗೆದುಕೊಂಡಳು. ಮೂರನೇ ಕಿಕ್ಕಿಗೆ ನೀಲಿ ಹೊಗೆ ಎದ್ದಿತು.

"ಹಿಂದ ಕೂಡ್ರಿ. ನಮ್ಮವ್ವನ ಹತ್ರ ನೀವ ಮಾತಾಡಬೇಕು."

"ಈಗ? ಈ ಮಸಿ ಕೈಲೆ?"

"ಈಗ!"

ಅವನು ಹತ್ತಿ ಕೂತ. "ದಾರ್ಯಾಗ ಬಂಕಿಗೆ ನಿಲ್ಲಸ್ರಿ. ಟ್ಯಾಂಕಿನ್ಯಾಗ ಬಂಕಿನ ತನಕ ಸಾಕಾಗೋವಷ್ಟ ಐತಿ."

"ನಿಲ್ಲಸ್ತೀನಿ," ಅವಳು ಕಣ್ಣೊರೆಸಿಕೊಂಡು ನಕ್ಕಳು. "ಬರೀ ಪೆಟ್ರೋಲ್ ಸಾಕಲ್ಲ?"

"ಬರೀ ಪೆಟ್ರೋಲ್ ಸಾಕು."